ನನ್ನ ದನಿ ಇಲ್ಲದ ನನ್ನ ಆಲ್ಬಮ್

ನನ್ನ ಎರಡನೇ ಆಲ್ಬಮ್‌ನಲ್ಲಿ ನನ್ನ ದನಿ ಇಲ್ಲ. ಎಂಟು ಹಾಡುಗಳ ಮಾತೂ ನನ್ನದೇ, ರಾಗವೂ ನನ್ನದೇ, ಮೊದಲು ಹಾಡಿದವಳೂ ನಾನೇ. ಆದರೆ ಅಂಗಡಿಗೆ ಬಂದ ಸಿ.ಡಿ.ಯಲ್ಲಿ ಹಾಡಿರುವವಳು ಬೇರೆ. ಇದನ್ನು ಕೇಳಿದವರು "ಮೋಸ ಮಾಡಿಬಿಟ್ರಾ?" ಅನ್ನುತ್ತಾರೆ. ಹೌದು ಅಂದುಬಿಡೋಣ ಅಂತ ನನಗೂ ಎಷ್ಟೋ ಸಲ ಅನಿಸಿದೆ. ಆದರೆ ಕಾಗದಕ್ಕೆ ಸಹಿ ಹಾಕಿದವಳು ನಾನು.

ಆಗ ನಾವು ಬಸವೇಶ್ವರನಗರದಲ್ಲಿ ಒಂದು ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇದ್ದೆವು. ಅಪ್ಪ, ಅವ್ವ, ನಾನು, ಮೂರೇ ಜನ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ರಾಣೇಬೆನ್ನೂರಿನಿಂದ ವರ್ಗವಾಗಿ ಬಂದಾಗ ನನಗೆ ಒಂಬತ್ತು ವರ್ಷ. ಬೀದಿಯಲ್ಲಿ ಬೆಂಗಳೂರಿನ ಕನ್ನಡ, ಹೊಸ್ತಿಲು ದಾಟಿದರೆ ಅವ್ವನ ಕನ್ನಡ. ಎರಡೂ ನನ್ನ ಬಾಯಲ್ಲಿ ಸಲೀಸಾಗಿ ಆಡುತ್ತಿದ್ದವು. ಬಿ.ಕಾಂ. ಮುಗಿಸಿ ರಾಜಾಜಿನಗರದ ಒಂದು ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿ ರಿಸೆಪ್ಷನ್‌ಗೆ ಸೇರಿಕೊಂಡಿದ್ದೆ. ಬೆಳಗ್ಗೆ ಒಂಬತ್ತಕ್ಕೆ ಹೋದರೆ ಸಂಜೆ ಐದಕ್ಕೆ ಬಿಡುಗಡೆ. ಐದರ ನಂತರದ್ದು ಹಾಡಿಗೆ.

ಮೊದಲನೇ ಆಲ್ಬಮ್ ಮಾಡಿದ್ದು ನಂದಿನಿ ಲೇಔಟ್‌ನ ಒಂದು ರೂಮಿನಲ್ಲಿ. ಅದು ನನ್ನ ಕಾಲೇಜಿನ ಗೆಳೆಯನ ರೂಮು. ಅವನು ಕೀಬೋರ್ಡ್, ಗಿಟಾರ್ ಎರಡೂ ನುಡಿಸುತ್ತಿದ್ದ, ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಮಾಡುವುದನ್ನು ತಾನೇ ಕಲಿತಿದ್ದ. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದ. ಅವನ ಅಮ್ಮನಿಗೆ ಮೊಟ್ಟೆ ಆಗದು, ಅದಕ್ಕೆ ಆ ರೂಮಿನ ಒಳಗೆ ಕಾಲಿಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಕಾಫಿ ಕೊಡುತ್ತಿದ್ದರು. ಮೂರನೇ ಹಾಡಿನ ನಡುವೆ ಅವರ ಕುಕ್ಕರ್ ಕೂಗುವುದು ಈಗಲೂ ಕೇಳುತ್ತದೆ. ನಾವೇ ಸಿ.ಡಿ. ಬರ್ನ್ ಮಾಡಿದೆವು, ಕವರನ್ನು ಜೆರಾಕ್ಸ್ ಹಾಕಿಸಿದೆವು, ಕಾಲೇಜುಗಳ ಫೆಸ್ಟ್‌ಗಳಲ್ಲಿ ಕೈಯಿಂದ ಕೈಗೆ ಹಂಚಿದೆವು. ಒಂದು ಎಫ್‌ಎಂನಲ್ಲಿ ಒಂದು ಹಾಡು ಎರಡು ವಾರ ಬಂತು. ಕನ್ನಡದಲ್ಲಿ ಸಿನಿಮಾ ಬಿಟ್ಟು, ಭಾವಗೀತೆ ಬಿಟ್ಟು, ತನ್ನ ಪಾಡಿಗೆ ತಾನು ಬರೆದು ಹಾಡುವ ಹುಡುಗಿ ಅಂತ ಒಂದು ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬಂದವು. ಅಪ್ಪ ಅದನ್ನು ಕತ್ತರಿಸಿ ಆಫೀಸಿಗೆ ತೆಗೆದುಕೊಂಡು ಹೋಗಿದ್ದರು.

ಅದಾಗಿ ಆರೇಳು ತಿಂಗಳಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಅದರ ಜೊತೆ ಮಾತೂ ಹೋಯಿತು. ಎಲ್ಲ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಕನ್ನಡಕ ಬೇಕಾದರೆ ಬಾಯಿ ತೆರೆಯುವರು, ಏನೋ ಒಂದು ಸದ್ದು ಬರುವುದು, ನಾವು ಚಪ್ಪಲಿ ತಂದುಕೊಡುವೆವು. ಮೂವತ್ತು ವರ್ಷ ಫೈಲಿನ ಮೇಲೆ ಟಿಪ್ಪಣಿ ಬರೆದ ಮನುಷ್ಯ ಸಿಟ್ಟಿನಿಂದ ಎಡಗೈಯಲ್ಲಿ ಮಂಚ ಗುದ್ದುತ್ತಿದ್ದರು.

ಒಂದು ಸೋಮವಾರ ಅವ್ವ ಲಿಂಗಪೂಜೆ ಮುಗಿಸಿ ಮಂಗಳಾರತಿ ಹಾಡುತ್ತಿದ್ದಳು. ಕೊನೆಯ ಸಾಲಿಗೆ ಹಾಸಿಗೆಯಿಂದ ಇನ್ನೊಂದು ದನಿ ಸೇರಿತು. ಮಾತೂ ಸ್ಪಷ್ಟ, ರಾಗವೂ ಸ್ಪಷ್ಟ. ಅವ್ವ ಆರತಿ ತಟ್ಟೆ ಹಿಡಿದುಕೊಂಡೇ ತಿರುಗಿ ನೋಡಿದಳು. ಸಾಲು ಮುಗಿದ ಮೇಲೆ ಅಪ್ಪನಿಗೆ ಮತ್ತೆ ಒಂದು ಪದವೂ ಬರಲಿಲ್ಲ.

ಮಾತು ಕಲಿಸಲು ಬರುತ್ತಿದ್ದ ಥೆರಪಿ ಮೇಡಂಗೆ ಇದನ್ನು ಹೇಳಿದೆ. "ಹಾಗಾಗುತ್ತೆ," ಅಂದರು. "ಮಾತಿನ ದಾರಿ ಕೆಟ್ಟಿದ್ರೂ ಹಾಡಿನ ದಾರಿ ಚೆನ್ನಾಗಿರುತ್ತೆ. ನೀವು ಹಾಡ್ತೀರಲ್ವಾ? ದಿನಾ ಬೇಕಾಗೋ ಮಾತಿಗೆಲ್ಲ ಒಂದೊಂದು ರಾಗ ಹಾಕಿಕೊಡಿ."

ನನ್ನ ಎರಡನೇ ಆಲ್ಬಮ್ ಹುಟ್ಟಿದ್ದು ಹಾಗೆ. ಬೆಳಗ್ಗೆ ಏಳೂವರೆಗೆ ಅಪ್ಪನನ್ನು ಕೈಹಿಡಿದು ಟೆರೇಸಿಗೆ ಕರೆದುಕೊಂಡು ಹೋಗುತ್ತಿದ್ದೆ. ನೀರಿನ ಟ್ಯಾಂಕಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ. ಎಳೆಬಿಸಿಲು ಅವರ ಬಲಗೈ ಮೇಲೆ ಬೀಳುವ ಹಾಗೆ ಕೂರಿಸಿ, ನಾನು ನೆಲದ ಮೇಲೆ ಕೂತು ಹಾಡುವೆ: ನೀರು ಬೇಕು. ಮೂರೇ ಸ್ವರ, ಕೆಳಗಿನಿಂದ ಹತ್ತಿ ಮತ್ತೆ ಕೆಳಗೆ ಇಳಿಯುವಂಥದ್ದು. ಅಪ್ಪನ ದನಿಗೆ ಹೊಂದಬೇಕಲ್ಲ, ಅದಕ್ಕೆ ನನ್ನ ದನಿಯನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸುತ್ತಿದ್ದೆ. ಹತ್ತು ದಿನಕ್ಕೆ ಅಪ್ಪ ನೀರು ಕೇಳಿದರು. ರಾಗದಲ್ಲೇ ಕೇಳಿದರು. ಅವ್ವ ಅಡುಗೆಮನೆಯಿಂದ ಚೊಂಬು ತಂದು ಕೊಟ್ಟು, "ಇನ್ನೊಮ್ಮೆ ಕೇಳ್ರಿ," ಅಂದಳು. ಅಪ್ಪ ಇನ್ನೊಮ್ಮೆ ಕೇಳಿದರು. ಕುಡಿಯದೇ ನಾಲ್ಕೈದು ಸಲ ಕೇಳಿದರು.

ಆಮೇಲೆ ಒಂದೊಂದೇ ಬಂದವು. ಕನ್ನಡಕ ಎಲ್ಲಿ. ಫ್ಯಾನು ಸಣ್ಣ ಮಾಡು. ಯಾರು ಬಂದರು. ಅಪ್ಪನಿಗೆ ಬಹಳ ಕಷ್ಟವಾಗಿದ್ದು ಳ. ನಾಲಿಗೆ ಮಡಚುತ್ತಲೇ ಇರಲಿಲ್ಲ. ಅದಕ್ಕಾಗಿಯೇ ಒಂದು ಹಾಡು ಕಟ್ಟಿದೆ: ಹೇಳು, ನಿಧಾನ ಹೇಳು, ಎಳೆಬಿಸಿಲು ಏಳಲಿ ತಾಳು. ಮೂರು ತಿಂಗಳು ಹಿಡಿಯಿತು. ಒಂದು ಬೆಳಗ್ಗೆ ಟೆರೇಸಿನಲ್ಲಿ ಅಪ್ಪ ನಾಲಿಗೆ ಮಡಚಿ "ಹೇಳು" ಅಂದಾಗ ನಾನು ಲ್ಯಾಬಿಗೆ ಒಂದು ಗಂಟೆ ತಡವಾಗಿ ಹೋದೆ.

ಆ ತುಣುಕುಗಳಿಗೆ ಚರಣ ಬರೆದು ಬರೆದು ಎಂಟು ಹಾಡಾದವು. ಮನೆಯ ಒಳಗಿನ ಮಾತೇ ಎಲ್ಲ. ಮೊದಲ ಆಲ್ಬಮ್‌ನಲ್ಲಿ ನಾನು ಕಾಲೇಜು ಹುಡುಗಿಯ ಹಾಗೆ ಬರೆದಿದ್ದೆ. ಇದರಲ್ಲಿ ಹಾಗೆ ಮೆರೆಯುವುದಕ್ಕೆ ಜಾಗವೇ ಇರಲಿಲ್ಲ. ನಂದಿನಿ ಲೇಔಟ್‌ನ ರೂಮಿನಲ್ಲಿ ಎಂಟನ್ನೂ ಹಾಡಿ ಡೆಮೊ ಮಾಡಿದೆವು. ಕೊನೆಯ ಹಾಡು ಮುಗಿದಾಗ ಗೆಳೆಯ ಹೆಡ್‌ಫೋನ್ ತೆಗೆದು ಕೀಬೋರ್ಡಿನ ಮೇಲಿಟ್ಟ. "ಇದು ರೂಮಲ್ಲಿ ಬರ್ನ್ ಮಾಡೋ ಮಾಲಲ್ಲ ಕಣೇ," ಅಂದ. "ಕಂಪನಿಗೆ ಹೋಗೋಣ."

ಕಂಪನಿ ಅಂದರೆ ಒಂದು ಆಡಿಯೋ ಸಂಸ್ಥೆ. ಮಾಲೀಕರು ಐವತ್ತರ ಆಸುಪಾಸಿನವರು, ತುಂಬ ಮರ್ಯಾದಸ್ಥರು. ನಮ್ಮನ್ನು ಕೂರಿಸಿ, ಬಾದಾಮಿ ಹಾಲು ತರಿಸಿ, ಎಂಟು ಹಾಡನ್ನೂ ಪೂರ್ತಿ ಕೇಳಿದರು. ಮೊದಲ ಹಾಡನ್ನು ಎರಡು ಸಲ ಹಾಕಿಸಿದರು.

"ಟ್ಯೂನ್ ಎಲ್ಲಾ ಸೂಪರ್ ಮೇಡಂ," ಅಂದರು. "ಒಂದೇ ಸಲಕ್ಕೆ ಬಾಯಿಗೆ ಬಂದುಬಿಡುತ್ತೆ. ಆದ್ರೆ ವಾಯ್ಸ್ ಸ್ವಲ್ಪ ಹೆವಿ ಆಯ್ತು. ಲವ್ ಫೀಲ್ ಬರಲ್ಲ."

"ಇದು ಲವ್ ಸಾಂಗ್ ಅಲ್ಲ ಸಾರ್," ಅಂದೆ.

"ಗೊತ್ತಾಯ್ತು. ಆದ್ರೆ ನೀರು ಬೇಕು ಅಂತ ಯಾರ್ ಕೇಳ್ತಾರೆ ಹೇಳಿ." ಅವರು ಮೇಜಿನ ಮೇಲಿದ್ದ ನನ್ನ ಹಾಡಿನ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಪೆನ್ನಿನ ತುದಿಯನ್ನು ಒಂದು ಅಕ್ಷರದ ಮೇಲೆ ಇಟ್ಟರು. "ಇದೊಂದನ್ನ ಬದಲಾಯಿಸಿ. ನೀನು ಬೇಕು. ಮೀಟರ್ ಅದೇ, ಎಲ್ಲಾ ಅದೇ. ಬಾಂಬೆಯಿಂದ ಒಬ್ಬ ಹುಡುಗಿ ಕರೆಸ್ತೀನಿ, ಅವಳು ಹಾಡಿದ್ರೆ ಊರೆಲ್ಲ ಹಾಡುತ್ತೆ. ಸಾಹಿತ್ಯ, ಸಂಗೀತ ಅಂತ ನಿಮ್ಮ ಹೆಸರು ಹಾಕೋಣ."

ರು ಹೋಗಿ ನು ಬಂತು. ಅಷ್ಟೇ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದು ಎದ್ದು ಬಂದೆ.

ವಾಪಸು ಬರುವಾಗ ನವರಂಗ್ ಥಿಯೇಟರ್ ಹತ್ತಿರ ಗೆಳೆಯ ಬೈಕ್ ನಿಲ್ಲಿಸಿದ. ಜ್ಯೂಸ್ ಅಂಗಡಿಯ ಎದುರು ನಿಂತು ಒಂದು ತಾಸು ಮಾತಾಡಿದೆವು. ವಾದ್ಯಗಳ ಅರೇಂಜ್‌ಮೆಂಟ್ ತನಗೇ ಕೊಡುತ್ತೇನೆ ಅಂತ ಮಾಲೀಕರು ಹೇಳಿದ್ದಾರೆ ಅಂದ. ಅದನ್ನು ಅವರು ಯಾವಾಗ ಹೇಳಿದರು ಅಂತ ಕೇಳಿದೆ. ಇವನು ಒಂದು ಹಾಡು ಮೊದಲೇ ಕಳಿಸಿದ್ದ, ಹೋದ ವಾರವೇ ಅವರು ಫೋನಿನಲ್ಲಿ ಹೇಳಿದ್ದರು.

"ಅಂದ್ರೆ ವಾಯ್ಸ್ ಚೇಂಜ್ ಮಾಡೋದು ನಿಂಗೆ ಮೊದಲೇ ಗೊತ್ತಿತ್ತಾ?"

"ನೀನು ಬೇಜಾರು ಮಾಡ್ಕೋತೀಯ ಅಂತ ಹೇಳಲಿಲ್ಲ," ಅಂದ. "ನೋಡು, ಈ ಸಲ ಹೆಸರು ಬರಲಿ. ಮುಂದಿನದರಲ್ಲಿ ನೀನೇ ಹಾಡು. ರೂಮಲ್ಲಿ ಕೂತು ಎಷ್ಟು ದಿನ ಅಂತ ಹಾಡ್ತೀಯಾ? ನಿನ್ನ ಹಾಡು ಊರೆಲ್ಲ ಕೇಳಬೇಕು ಅಂತ ನಿಂಗಿಲ್ವಾ?"

ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅದೇ ಇತ್ತು. ಲ್ಯಾಬಿನಲ್ಲಿ "ಖಾಲಿ ಹೊಟ್ಟೇಲಿ ಬಂದಿದೀರಾ?" ಅಂತ ದಿನಕ್ಕೆ ಐವತ್ತು ಸಲ ಕೇಳುತ್ತಿದ್ದವಳು ನಾನು. ಅವನ ಮೇಲೆ ಸಿಟ್ಟು ಬಂತು ನಿಜ. ಆದರೆ ಆ ಸಿಟ್ಟಿನಲ್ಲಿಯೂ ಮಾಲೀಕರು ಮೊದಲ ಹಾಡನ್ನು ಎರಡು ಸಲ ಹಾಕಿಸಿದ್ದನ್ನೇ ನೆನೆಸಿಕೊಳ್ಳುತ್ತಿದ್ದೆ. ನಾಲ್ಕು ದಿನ ಬಿಟ್ಟು ಹೋಗಿ ಸಹಿ ಹಾಕಿದೆ. ಮನೆಯಲ್ಲಿ ಆಲ್ಬಮ್ ಬರುತ್ತಿದೆ ಅಂತಷ್ಟೇ ಹೇಳಿದೆ. ಅಪ್ಪ ಎಡಗೈಯನ್ನು ನನ್ನ ತಲೆಯ ಮೇಲೆ ಇಟ್ಟರು.

ಬಾಂಬೆಯ ಹುಡುಗಿ ಕೆಟ್ಟವಳಾಗಿದ್ದರೆ ಚೆನ್ನಾಗಿತ್ತು. ಇಪ್ಪತ್ತೊಂದು ವರ್ಷದವಳು. ಸ್ಟುಡಿಯೋಗೆ ಬಂದವಳೇ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ "ದೀದಿ" ಅಂದಳು. ನನ್ನ ಹಾಡುಗಳನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಂಡಳು. ಪದದ ಅರ್ಥ ಕೇಳಿ ಪಕ್ಕದಲ್ಲಿ ಗುರುತು ಹಾಕಿಕೊಂಡಳು. ದನಿ ಚೆನ್ನಾಗಿತ್ತು, ಸಣ್ಣ ತಂತಿಯ ಹಾಗೆ. ಸ್ವರ ಎಲ್ಲೂ ತಪ್ಪುತ್ತಿರಲಿಲ್ಲ. ತಪ್ಪುತ್ತಿದ್ದದ್ದು ಳ ಒಂದೇ.

"ಹೇಳು" ಅನ್ನಬೇಕಾದ ಕಡೆ ಅವಳು ಲ ಅಂದಳು. ಕನ್ನಡದಲ್ಲಿ ಅದು ಏನಾಗುತ್ತದೆ ಅಂತ ಕನ್ನಡದವರಿಗೆ ಹೇಳಬೇಕಿಲ್ಲ. ರೆಕಾರ್ಡಿಂಗ್ ಎಂಜಿನಿಯರು ಮುಖ ಮುಚ್ಚಿಕೊಂಡು ನಕ್ಕ. ಗೆಳೆಯನೂ ನಕ್ಕ. ಗಾಜಿನ ಆಚೆ ನಿಂತ ಆ ಹುಡುಗಿ ಯಾಕೆ ನಗುತ್ತಿದ್ದಾರೆ ಅಂತ ಗೊತ್ತಾಗದೆ ತಾನೂ ನಕ್ಕಳು. ನಾನು ಒಳಗೆ ಹೋಗಿ, ಅವಳ ಎದುರು ನಿಂತು, ನಾಲಿಗೆ ಮಡಚಿ ತೋರಿಸಿದೆ. ಅಪ್ಪನಿಗೆ ತೋರಿಸಿದ ಹಾಗೆಯೇ. ನಿಧಾನ. ಇನ್ನೊಮ್ಮೆ. ಅವಳು ಶ್ರದ್ಧೆಯಿಂದ ಪ್ರಯತ್ನಿಸಿದಳು. ಆದರೆ ಅವಳಿಗೆ ಎರಡೇ ದಿನದ ಟೈಮ್, ಮೂರನೇ ದಿನ ಫ್ಲೈಟ್.

ಊಟದ ಹೊತ್ತಿಗೆ ಮಾಲೀಕರು ಬಂದರು. "ಮೇಡಂ, ಅವಳಿಗೆ ಬರದೇ ಇರೋ ಅಕ್ಷರ ಯಾಕೆ? ತೆಗೆದುಬಿಡಿ."

ಸ್ಟುಡಿಯೋ ಮೆಟ್ಟಿಲ ಮೇಲೆ ಕೂತು ಎಂಟು ಹಾಡುಗಳಿಂದಲೂ ಳಕಾರವನ್ನೆಲ್ಲ ಕಿತ್ತುಹಾಕಿದೆ. ಹೇಳು ಹೋಗಿ ಬಾರೋ ಆಯಿತು. ಎಳೆಬಿಸಿಲು ಹೊಸಬಿಸಿಲಾಯಿತು. ಬೆಳಗು ಮುಂಜಾನೆಯಾಯಿತು. ಬೆಳಕು, ಒಳಗೆ, ಕೇಳು, ತಾಳು, ಎಲ್ಲ ಹೋದವು. ಒಂದು ಪದ ತೆಗೆದರೆ ಅದರ ಪ್ರಾಸವೂ ಕೆಟ್ಟು ಇನ್ನೊಂದು ಪದ ಹೋಗುತ್ತಿತ್ತು. ಸಂಜೆ ಹೊತ್ತಿಗೆ ಅವು ಯಾರ ಹಾಡು ಬೇಕಾದರೂ ಆಗಬಹುದಿತ್ತು. ನನಗೆ ನೆನಪಿರುವ ನಾಚಿಕೆಯ ಸಂಗತಿ ಅಂದರೆ, ಆ ಕೆಲಸವನ್ನು ನಾನು ಚೆನ್ನಾಗಿ ಮಾಡಿದೆ. ಗೆಳೆಯ ಓದಿ ನೋಡಿ "ಸ್ಮೂತಾಗಿದೆ ಕಣೇ" ಅಂದಾಗ ಖುಷಿಯೂ ಆಯಿತು.

ಹೊರಡುವ ಮುಂಚೆ ಆ ಹುಡುಗಿ ಹಿಂದಿಯಲ್ಲಿ ಕೇಳಿದಳು, "ದೀದಿ, ಮೊದಲನೇ ಹಾಡು ಯಾರಿಗೋಸ್ಕರ ಬರೆದದ್ದು?"

"ಒಬ್ಬ ಹುಡುಗನಿಗೆ," ಅಂದೆ.

"ಅವನಿಗೆ ಗೊತ್ತಾ?"

"ಇಲ್ಲ," ಅಂದೆ. ಅವಳು ನನ್ನ ಕೈ ಹಿಡಿದು ಒತ್ತಿದಳು.

ಸಿ.ಡಿ. ಬಂತು. ಕವರಿನ ಮೇಲೆ ಆ ಹುಡುಗಿಯ ಫೋಟೋ, ಬೀಚು. ನನ್ನ ಹೆಸರು ಹಿಂದುಗಡೆ, ವಿಳಾಸದ ಮೇಲಿನ ಸಾಲಿನಲ್ಲಿ. ಅವ್ವ ಓದುವ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ಇದರಾಗ ನೀ ಎಲ್ಲಿದ್ದೀ?" ಅಂದಳು. ನಾನು ತೋರಿಸಿದೆ. "ಹಾಡಿದಾಕಿ ಯಾರು?" ಅಂದಳು. ಹೇಳಿದೆ. ಹೊಸ ಸಾಲುಗಳನ್ನೂ ಹೇಳಿದೆ. ಅವ್ವ ಬಯ್ಯಲಿಲ್ಲ. ಸಿ.ಡಿ.ಯನ್ನು ಟೀವಿ ಮೇಲಿಟ್ಟು, "ನಿಮ್ಮಪ್ಪಗ ನೀನ ಹೇಳು," ಅಂದಳು. ನಾನು ಹೇಳಲಿಲ್ಲ. ನಾಳೆ, ನಾಡಿದ್ದು ಅಂತ ಮುಂದೂಡಿದೆ.

ಮಾಲೀಕರ ಮಾತು ನಿಜವಾಯಿತು. ಒಂದು ತಿಂಗಳಲ್ಲಿ ಮೊದಲ ಹಾಡು ಎಲ್ಲ ಕಡೆ ಹರಡಿತು. ಎಫ್‌ಎಂನಲ್ಲಿ ಬರುತ್ತಿತ್ತು, ವಿಜಯನಗರದ ಮೊಬೈಲ್ ಅಂಗಡಿಗಳಲ್ಲಿ ಬರುತ್ತಿತ್ತು, ಆಟೋದಲ್ಲಿ ಬರುತ್ತಿತ್ತು. ಲ್ಯಾಬಿನಿಂದ ಪೇಷೆಂಟುಗಳಿಗೆ ರಿಪೋರ್ಟ್ ರೆಡಿ ಅಂತ ಫೋನ್ ಮಾಡಿದರೆ ರಿಂಗಿನ ಬದಲು ಅದೇ ಹಾಡು. ಒಮ್ಮೆ ನನ್ನ ಮೊಬೈಲಿಗೇ ಕಂಪ್ಯೂಟರ್ ದನಿಯ ಕರೆ ಬಂತು: ಈ ಹಾಡನ್ನು ನಿಮ್ಮ ಕಾಲರ್ ಟ್ಯೂನ್ ಮಾಡಿಕೊಳ್ಳಲು ಸ್ಟಾರ್ ಒತ್ತಿ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಗೆ ಇದು ನಾನು ಬರೆದ ಹಾಡು ಅಂದೆ. "ಹೌದಾ ಅಕ್ಕಾ?" ಅಂದು ಕಂಪ್ಯೂಟರಿನ ಕಡೆ ತಿರುಗಿದಳು. ನಂಬಲಿಲ್ಲ ಅಂತ ಗೊತ್ತಾಯಿತು.

ಅಪ್ಪನಿಗೆ ನಾನು ಹೇಳುವ ಮೊದಲೇ ಹಾಡು ತಲುಪಿತು. ಆಗ ಅವರು ಒಬ್ಬರೇ ಟೆರೇಸಿಗೆ ಹತ್ತುವಷ್ಟು ಚೇತರಿಸಿಕೊಂಡಿದ್ದರು. ಒಂದು ಭಾನುವಾರ ಬೆಳಗ್ಗೆ ಮೇಲೆ ಕೂತಿದ್ದವರು ಅವ್ವನಿಗೆ ಕೇಳಲಿ ಅಂತ ಗಟ್ಟಿಯಾಗಿ ನೀರು ಕೇಳಿದರು, ತಮ್ಮ ರಾಗದಲ್ಲಿ. ಪಕ್ಕದ ಕಟ್ಟಡದ ಪಿ.ಜಿ.ಯಲ್ಲಿದ್ದ ಮೂವರು ಹುಡುಗಿಯರು ಅಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಅವರು ನಕ್ಕು, ಮುಂದಿನ ಸಾಲನ್ನು ತಾವೇ ಹಾಡಿದರು. ಸಿ.ಡಿ.ಯಲ್ಲಿದ್ದ ಸಾಲು.

"ಅಂಕಲ್, ಈ ವಯಸ್ಸಲ್ಲಿ ಲವ್ ಸಾಂಗಾ? ಯಾರ್ ಬೇಕು ಅಂಕಲ್?" ಅಂತ ಒಬ್ಬಳು ಕೇಳಿದಳು. ತಮಾಷೆಗೆ, ಪ್ರೀತಿಯಿಂದಲೇ.

ನಾನು ನೀರಿನ ಚೊಂಬು ಹಿಡಿದು ಮೆಟ್ಟಿಲ ಕೊನೆಯಲ್ಲಿದ್ದೆ. ಅಪ್ಪ ಅವರ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಅದರ ಉತ್ತರಕ್ಕೆ ಅವರ ಬಳಿ ರಾಗ ಇರಲಿಲ್ಲ. ಕಿವಿ ಕೆಂಪಾಗಿತ್ತು. ನಾನು ಆ ಹುಡುಗಿಯರಿಗೆ ಏನಾದರೂ ಹೇಳಬಹುದಿತ್ತು. ಇದು ನಮ್ಮಪ್ಪನ ಹಾಡು, ಇದರ ಮಾತು ಬೇರೆ ಇತ್ತು ಅನ್ನಬಹುದಿತ್ತು. ಏನೂ ಅನ್ನದೆ ಚೊಂಬು ಕೊಟ್ಟೆ. ಅಪ್ಪ ಕುಡಿದು ಕೆಳಗೆ ಇಳಿದರು.

ಅವತ್ತಿನಿಂದ ಅಪ್ಪ ನೀರಿಗೆ ರಾಗ ಹಿಡಿಯಲಿಲ್ಲ. ಬೇಕಾದಾಗ ಚೊಂಬಿನ ಕಡೆ ಕೈ ತೋರಿಸುತ್ತಿದ್ದರು. ಕ್ರಮೇಣ ಕನ್ನಡಕದ ಹಾಡು, ಫ್ಯಾನಿನ ಹಾಡು ಎಲ್ಲ ನಿಂತವು. ಥೆರಪಿ ಮೇಡಂ, ಕೆಲವರಿಗೆ ಹೀಗೆ ಹಿಂದೆ ಬೀಳುವುದುಂಟು, ಸಣ್ಣ ಸ್ಟ್ರೋಕ್ ಇನ್ನೊಂದು ಆಗಿರಬಹುದು ಅಂದರು. ಸ್ಕ್ಯಾನ್ ಮಾಡಿಸಿದೆವು, ಏನೂ ಕಾಣಲಿಲ್ಲ. ಕಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅವ್ವ ಒಂದೇ ಸಲ ಆ ಮಾತೆತ್ತಿದಳು. ರೊಟ್ಟಿ ಬಡಿಯುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. "ಅವರ ಬಾಯಾಗ ಇದ್ದದ್ದು ನಾಕ ಮಾತು. ಅವನ್ನೂ ಒಯ್ದು ಸಂತ್ಯಾಗ ಇಟ್ಟೆಲ್ಲವಾ," ಅಂದಳು.

ಗೆಳೆಯನಿಗೆ ಫೋನ್ ಮಾಡಿ ನನ್ನ ದನಿಯಲ್ಲಿದ್ದ ಡೆಮೊ ಕೊಡು ಅಂದೆ. ಅಪ್ಪನ ಎದುರು ಕೂತು ಮತ್ತೆ ಹಾಡುವ ಧೈರ್ಯ ನನಗಿರಲಿಲ್ಲ, ಅದನ್ನು ಕೇಳಿಸಿದರೆ ಏನಾದರೂ ಆಗಬಹುದು ಅಂತ ಆಸೆ. ಅವನು ಆಗ ಒಂದು ಸಿನಿಮಾದ ಕೆಲಸದಲ್ಲಿದ್ದ. ಹಾರ್ಡ್ ಡಿಸ್ಕ್ ತುಂಬಿತ್ತು, ಫಾರ್ಮ್ಯಾಟ್ ಮಾಡಿಬಿಟ್ಟೆ ಅಂದ. ನಾನು ಕೂಗಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಸೈನ್ ಮಾಡಿದ್ದು ನೀನೇ ಅಲ್ವೇನೇ," ಅಂದ. ದನಿ ಏರಿಸಲಿಲ್ಲ.

ಆ ವರ್ಷ ಗಣೇಶನ ಹಬ್ಬಕ್ಕೆ ವಿಜಯನಗರದ ಒಂದು ಪೆಂಡಾಲಿನವರು ನನ್ನನ್ನು ಹಾಡಲು ಕರೆದರು. ನನ್ನ ಹಾಡು ಅಂತ ಗೊತ್ತಿದ್ದು ಕರೆದವರಲ್ಲ. ಲೋಕಲ್ ಸಿಂಗರ್ ಅಂತ ಕರೆದರು. ನಾನು ಮೊದಲ ಹಾಡನ್ನು ನನ್ನ ಶ್ರುತಿಯಲ್ಲಿ, ನನ್ನ ಹಳೇ ಮಾತಿನಲ್ಲಿ ಹಾಡಿದೆ. ನೀರು ಬೇಕು ಅಂದಾಗ ಜನ ನಕ್ಕರು. ಎರಡನೇ ಚರಣಕ್ಕೆ ಸಂಘಟಕರೊಬ್ಬರು ವೇದಿಕೆಯ ಪಕ್ಕ ಬಂದು, "ಮೇಡಂ, ಲಿರಿಕ್ಸ್ ತಪ್ಪು ಹೇಳ್ತಿದೀರ. ಒರಿಜಿನಲ್ ಥರಾನೇ ಹಾಡಿ," ಅಂದರು. ನಾನು ಒರಿಜಿನಲ್ ಥರಾನೇ ಹಾಡಿ ಮುಗಿಸಿದೆ. ಚಪ್ಪಾಳೆ ಬಂತು.

ಮುಂದೆ, ಗೆಳೆಯ ಹೇಳಿದ್ದ ಹಾಗೆಯೇ, ಮಾಲೀಕರು ನನ್ನನ್ನು ಮತ್ತೆ ಕರೆದರು. ಇನ್ನೊಂದು ಆಲ್ಬಮ್ ಮಾಡೋಣ, ಅದೇ ಥರದ ಎಂಟು ಹಾಡು ಕೊಡಿ, ಒಂದನ್ನು ನೀವೇ ಹಾಡಿ ಅಂದರು. ಬೇಡ ಅಂದುಬಿಟ್ಟೆ ಅಂತ ಬರೆದರೆ ನನಗೆ ಮರ್ಯಾದೆ. ಆದರೆ ನಾನು ಒಪ್ಪಿಕೊಂಡೆ. ನಾಲ್ಕು ತಿಂಗಳು ಕೂತೆ. ಹುಡುಗ, ಹುಡುಗಿ, ಕಣ್ಣು, ಕನಸು ಅಂತ ಏನೇನೋ ಬರೆದೆ. ಕೊಟ್ಟದ್ದರಲ್ಲಿ ಎರಡನ್ನು ಇಟ್ಟುಕೊಂಡು ಉಳಿದವನ್ನು ಬೇರೆಯವರಿಂದ ಬರೆಸಿದರು. ಆ ಸಿ.ಡಿ. ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಅಪ್ಪ ಇನ್ನೂ ಮೂರು ವರ್ಷ ಇದ್ದರು. ಮಾತು ಮತ್ತೆ ಬರಲಿಲ್ಲ. ನನ್ನ ಮೇಲೆ ಸಿಟ್ಟಿತ್ತೋ ಇಲ್ಲವೋ ಅದನ್ನು ಹೇಳುವ ದಾರಿ ಅವರಿಗೆ ಇರಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಅವರು ಹೋದ ಮೇಲೆ ಲ್ಯಾಬಿನವರು ಕೆಂಗೇರಿಯಲ್ಲಿ ಶಾಖೆ ತೆರೆದರು. ನನ್ನನ್ನು ಅಲ್ಲಿ ಇನ್‌ಚಾರ್ಜ್ ಮಾಡಿದರು. ಅವ್ವನನ್ನು ಕರೆದುಕೊಂಡು ಅಲ್ಲಿಗೇ ಮನೆ ಬದಲಾಯಿಸಿದೆ.

ಅದರ ಮರುವರ್ಷ ದೀಪಾಂಜಲಿ ನಗರದ ಒಂದು ಛತ್ರದಲ್ಲಿ ಕಾಲೇಜಿನಲ್ಲಿ ಜೊತೆಗಿದ್ದವರೊಬ್ಬರ ಮದುವೆಯಲ್ಲಿ ಗೆಳೆಯ ಸಿಕ್ಕ. ನಾಲ್ಕೈದು ಸಿನಿಮಾಗೆ ಸಂಗೀತ ಕೊಟ್ಟಿದ್ದ, ಮೈ ತುಂಬಿಕೊಂಡಿದ್ದ. ಹೆಂಡತಿಯನ್ನು ಕರೆದು ಪರಿಚಯ ಮಾಡಿಸಿದ. "ಹೇಳ್ತಿರ್ತೀನಲ್ಲ, ನನ್ನ ಫಸ್ಟ್ ಹಿಟ್ ಬರೆದವಳು ಇವಳೇ." ಆ ಹುಡುಗಿ ಸಂಭ್ರಮದಿಂದ ನನ್ನ ಕೈ ಹಿಡಿದುಕೊಂಡು, ತಮ್ಮ ಮದುವೆಗೆ ಮುಂಚೆ ಇವರು ಫೋನಿನಲ್ಲಿ ಅದೇ ಹಾಡು ಹಾಡುತ್ತಿದ್ದರು ಅಂದಳು.

"ಈಗಲೂ ಹಾಡ್ತೀಯಾ?" ಅಂತ ಅವನು ಕೇಳಿದ.

"ಇಲ್ಲ."

"ಯಾಕೇ? ಒಳ್ಳೇ ವಾಯ್ಸ್ ಇತ್ತಲ್ಲ ನಿಂದು," ಅಂದ. ಅದರಲ್ಲಿ ಕುಹಕ ಇರಲಿಲ್ಲ. ನಿಜವಾಗಿ ಕೇಳಿದ. ಅವನಿಗೆ ಏನೂ ನೆನಪಿಲ್ಲ ಅಂತ ಆಗ ಅರ್ಥವಾಯಿತು. ಎಲ್ಲವನ್ನೂ ಅಲ್ಲೇ ನಿಂತು ಹೇಳಿಬಿಡಬೇಕು ಅನಿಸಿತು. ಹೇಳಿದರೆ ಮೊದಲ ಮಾತೇ ಸಹಿಯ ಹತ್ತಿರ ಬಂದು ನಿಲ್ಲುತ್ತದೆ.

"ಊಟಕ್ಕೆ ಕೂರಿಸ್ತಾ ಇದಾರೆ," ಅಂದೆ. ಕೆಳಗಿನ ಹಾಲ್‌ಗೆ ಇಳಿದೆ. ಗುರುತಿಲ್ಲದ ಇಬ್ಬರು ಹೆಂಗಸರ ನಡುವೆ ಒಂದು ಎಲೆ ಖಾಲಿ ಇತ್ತು, ಅಲ್ಲಿ ಕೂತೆ.